ಕಿವಿರು ಬೆಳ್ಳಗದ ಅಂತ ಮೀನ ಬಿಟ್ಟು ಹೋಗಬ್ಯಾಡ್ರಿ: ಯಾದಗಿರಿ ಮಂದಿಗೊಂದು ಬಹಿರಂಗ ಪತ್ರ

ಯಾದಗಿರಿ, ಶಹಾಪುರ, ಸುರಪುರ ಕಡೆ ಮೀನ ತಿನ್ನೋ ಎಲ್ಲಾ ಅಕ್ಕ ಅಣ್ಣಂದಿರಿಗೆ, ಕೃಷ್ಣಾ ಭೀಮಾ ಹೊಳ್ಯಾಗ ಬಲಿ ಹಾಕೋ ನಮ್ಮ ಕಾಕಾಗೋಳಿಗೆ ತಮ್ಮಂದಿರಿಗೆ, ಹಂಗೇ ಮೀನುಗಾರಿಕೆ ಇಲಾಖೆ ಸಾಹೇಬರಿಗೆ ಶರಣು ಶರಣಾರ್ಥಿ.

ಹೋದ ಐತವಾರ ನಾ ಹನ್ನೊಂದು ರೋಹು ತಗೊಂಡು ಸಂತಿಗೆ ಬಂದಿದ್ದೆ. ಒಂದೊಂದು ಎರಡು ಕಿಲೋ ಮ್ಯಾಲೇ ಇದ್ವು. ನಸುಕಿನ್ಯಾಗ ನಾರಾಯಣಪುರದ ಹಿನ್ನೀರಿನಾಗ ಬಲಿ ಎತ್ತಿ, ಹರಗೋಲಿನಾಗೇ ಒಂದೊಂದಾಗಿ ಕಿವಿರು ಕೊಯ್ದು ರಕ್ತ ಬಿಡಿಸಿ, ಐಸ್ ಒಳಗ ಹೂತು ಬೈಕಿನ ಮ್ಯಾಲ ತಂದಿದ್ದು. ನನ್ನ ಮಟ್ಟಿಗೆ ಹೇಳ್ತೀನಿ, ಅವತ್ತು ಆ ಸಂತ್ಯಾಗ ಅದಕ್ಕಿಂತ ಚಲೋ ಮೀನ ಇರಲಿಲ್ಲ. ಮೊದಲ ಗಿರಾಕಿ ಒಬ್ಬ ಅಕ್ಕ ಬಂದ್ಲು, ಮೀನ ಎತ್ತಿದ್ಲು, ಹೆಬ್ಬಟ್ಟಿಲೆ ಕಿವಿರಿನ ಮುಚ್ಚಳ ತೆಗೆದು ನೋಡಿದ್ಲು, ಹಂಗೇ ಇಟ್ಟುಬಿಟ್ಲು. "ತಮ್ಮಾ, ಇದರ ಕಿವಿರು ನೋಡು, ಬೆಳ್ಳಗ ಬಿಳಚಿಕೊಂಡದ, ಮೂರು ದಿನದ ಹಳೇದಿದು, ಯಾರಿಗೆ ಟೋಪಿ ಹಾಕ್ತಿ" ಅಂದ್ಲು. ಅಕ್ಕಾ ಇದು ಇವತ್ತಿಂದೇ, ರಕ್ತ ತೆಗೆದೀನಿ ಅದಕ್ಕ ಬೆಳ್ಳಗದ ಅಂತ ಹೇಳೋದ್ರಾಗ ಆಕಿ ಬಾಜೂಕ ಹೋಗಿ ತಗಡಿನ ಮ್ಯಾಲ ಇಟ್ಟಿದ್ದ ಮೀನ ತೂಗಿಸಾಕತ್ತಿದ್ಲು. ಆ ಮೀನ ಮುಂಜಾನಿಂದ ಬಿಸಲಿಗೆ ಬಿದ್ದಿತ್ತು, ಐಸ್ ಅಂದ್ರ ಮ್ಯಾಲ ನಾಕು ತುಣುಕು, ಆದ್ರ ಕಿವಿರು ಕೆಂಪಗಿತ್ತು. ಹನ್ನೆರಡು ಗಂಟೆ ಆಗೋದ್ರಾಗ ನಾ ಹನ್ನೊಂದರಾಗ ಮೂರೇ ಮಾರಿದ್ದೆ, ಉಳಿದ ಎಂಟು ಅರ್ಧ ರೇಟಿಗೆ ಒಂದು ಖಾನಾವಳಿಗೆ ಕೊಟ್ಟು ಬಂದೆ.

ರೊಕ್ಕ ಹೋಗಿದ್ದಕ್ಕ ಬೇಜಾರಿಲ್ರಿ, ಅಂದ್ರ ಅದೆ, ಆದ್ರ ಅದಕ್ಕಿಂತ ಜಾಸ್ತಿ ಬೇಜಾರು ಆಗಿದ್ದು ಚಲೋ ಮೀನಿಗೆ ಹಳೇದು ಅನ್ನೋ ಹೆಸರು ಬಂತಲ್ಲ ಅದಕ್ಕ. ಆ ಅಕ್ಕಂದೂ ತಪ್ಪಿಲ್ಲ, ಆಕಿ ಅವ್ವ ಆಕಿಗೆ ಹೇಳಿಕೊಟ್ಟಿದ್ದೇ ಹಂಗ, ನಮ್ಮವ್ವನೂ ನಮಗ ಹಂಗೇ ಹೇಳಿಕೊಟ್ಟಾಳ, ಕಿವಿರು ಕೆಂಪಗಿದ್ರ ತಾಜಾ. ಈ ಮಾತು ಎಲ್ಲಿತನ ಸಂತ್ಯಾಗ ನಡೀತದೋ ಅಲ್ಲಿತನ ನಮ್ಮ ಹೊಳಿ ಮೀನ ಸುಧಾರಿಸಂಗಿಲ್ಲ ಅಂತ ನನಗ ಅನಿಸ್ತದ, ಅದಕ್ಕೇ ಈ ಪತ್ರ ಬರಿಯಾಕ ಕುಂತೀನಿ, ಉದ್ದ ಆಗ್ತದ, ಆದ್ರೂ ಓದ್ರಿ.

ನಾವು ಅಂಬಿಗರ ಮಂದಿ. ನಮ್ಮ ಮುತ್ಯಾ ಹರಗೋಲು ಹಾಕಿ ಕೃಷ್ಣಾ ದಾಟಸ್ತಿದ್ದ, ಸೇತುವೆ ಆದ ಮ್ಯಾಲ ಆ ಕೆಲಸ ಹೋಯ್ತು, ಬಲಿ ಉಳೀತು. ನಾ ಪಿಯುಸಿ ಅರ್ಧಕ್ಕ ಬಿಟ್ಟು ಎಲ್ಲಾರಂಗ ಮುಂಬೈಗೆ ದುಡಿಯಾಕ ಹೋದೆ, ಅಲ್ಲಿ ಬಂದರದ ಹತ್ರ ಒಂದು ಮೀನಿನ ಗೋದಾಮಿನಾಗ ನಾಕು ವರ್ಷ ಇದ್ದೆ. ಅಲ್ಲಿ ಹೊರದೇಶಕ್ಕ ಹೋಗೋ ದೊಡ್ಡ ಟ್ಯೂನಾ ಮೀನ ಬರ್ತಿದ್ವು, ಬೋಟಿನ ಮ್ಯಾಲೇ ರಕ್ತ ತೆಗೆದು ಐಸ್‌ನಾಗ ಹಾಕಿದ್ದಕ್ಕ ಒಂದು ರೇಟು, ಹಂಗೇ ತಂದಿದ್ದಕ್ಕ ಇನ್ನೊಂದು ರೇಟು. ಒಬ್ಬ ಕೋಲಿ ಸಮಾಜದ ಕಾಕಾ ಇದ್ದ, ಮೀನ ಕೊಯ್ದ ಕೂಡ್ಲೆ ಮಾಂಸದ ಬಣ್ಣ ನೋಡಿ ಇದು ಬಲ್ಯಾಗೇ ಸತ್ತದ್ದು, ಇದು ಒದ್ದಾಡಿ ಸತ್ತದ್ದು, ಇದಕ್ಕ ರಕ್ತ ಬಿಡಿಸ್ಯಾರ ಅಂತ ಹೇಳಿಬಿಡ್ತಿದ್ದ. ನಾ ಅವನ ಕಡಿಂದಾನೇ ಕಲತೆ. ಊರಿಗೆ ಬಂದ ಮ್ಯಾಲ ನಮ್ಮ ರೋಹು ಕಟ್ಲಾಕ್ಕ ಇದು ಯಾಕ ಮಾಡಬಾರದು ಅನ್ನಿಸ್ತು.

ಒಂದು ಮಾತು ಕೇಳ್ತೀನಿ. ಕೋಳಿ ಕೊಯ್ದಾಗ ರಕ್ತ ಬಸಿಲಿಕ್ಕೆ ಬಿಡ್ತೀರಿಲ್ಲೋ? ಕುರಿ ಕಡಿದ್ರೂ ನೇತು ಹಾಕಿ ರಕ್ತ ಇಳಿಸಿ ಆಮ್ಯಾಲ ಸುಲಿತಾರ. ರಕ್ತ ಇಳಿಲಾರದ ಮಟನ್ ಕೊಟ್ರ ಯಾರಾದ್ರೂ ತಗೋತಾರೇನು? ಮೀನಿಗೆ ಮಾತ್ರ ಈ ಪದ್ಧತಿ ಇಲ್ಲ. ನಮ್ಮ ಸಾಬರ ಗೆಳೆಯರು ಹೇಳ್ತಾರ, ಮೀನಿಗೆ ಜಬಾ, ಅಂದ್ರ ಕತ್ತು ಕೊಯ್ಯೋದು, ಬೇಕಿಲ್ಲ, ಹಂಗೇ ಹಲಾಲು ಅಂತ, ಅದು ಖರೇ, ಆದ್ರ ಬೇಕಿಲ್ಲ ಅಂದ್ರ ಮಾಡಬಾರದು ಅಂತಲ್ಲ. ಧರ್ಮದ ಮಾತಲ್ಲ ಇದು, ಮಾಂಸದ ಮಾತು.

ಮೀನಿನ ಗುಂಡಗಿ ನಮ್ಮಂಗ ನಾಕು ಕೋಣಿದಲ್ಲ, ಎರಡೇ ಕೋಣಿದು. ಅದು ಗಂಟಲದ ಕೆಳಗ, ಕಿವಿರಿನ ಬುಡದಾಗೇ ಇರ್ತದ. ಅಲ್ಲಿಂದ ರಕ್ತ ಸೀದಾ ಕಿವಿರಿಗೆ ಹೋಗಿ, ನೀರಿನಾಗಿನ ಆಕ್ಸಿಜನ್ ತಗೊಂಡು, ಆಮ್ಯಾಲ ಬೆನ್ನೆಲುಬಿನ ಕೆಳಗಿನ ದೊಡ್ಡ ರಕ್ತನಾಳದಾಗಿಂದ ಮೈಗೆಲ್ಲಾ ಹೋಗ್ತದ. ಅಂದ್ರ ಇರೋಬರೋ ರಕ್ತ ಎಲ್ಲಾ ಕಿವಿರು ದಾಟೇ ಹೋಗಬೇಕು. ಅದಕ್ಕೇ ಕಿವಿರಿನ ಬುಡದಾಗ ಒಂದೇ ಕೊಯ್ತ ಹಾಕಿದ್ರ ಸಾಕು, ಗುಂಡಗಿ ತಾನೇ ಪಂಪಿನಂಗ ರಕ್ತ ಹೊರಗ ಹಾಕ್ತದ. ಆದ್ರ ಗುಂಡಗಿ ನಡೀತಿರಬೇಕು. ಸತ್ತ ಮೀನಿಗೆ ಕೊಯ್ದ್ರ ರಕ್ತ ಸರಿಯಾಗಿ ಇಳಿಯಂಗಿಲ್ಲ, ನಿಂತ ಪಂಪಿನ ಪೈಪ್ ಕೊಯ್ದಂಗ.

ರಕ್ತ ಎಷ್ಟಿರ್ತದ? ಮೀನಿನ ತೂಕದಾಗ ನೂರಕ್ಕ ಒಂದೂವರಿಂದ ಮೂರು ಪಾಲು ಅಷ್ಟೇ. ಒಂದು ಕಿಲೋ ಮೀನಿನಾಗ 15ರಿಂದ 30 ಗ್ರಾಂ. ಅದರಾಗೂ ಜಾಸ್ತಿ ಪಾಲು ಹೊಟ್ಟಿಯೊಳಗಿನ ಭಾಗದಾಗ ಇರ್ತದ, ಮಾಂಸದಾಗ ಇರೋದು ಐದರಾಗ ಒಂದು ಪಾಲು. ಹಂಗಾದ್ರ ಇಷ್ಟು ಸ್ವಲ್ಪ ರಕ್ತಕ್ಕ ಇಷ್ಟ್ಯಾಕ ಹೊಯ್ಕೋತೀಯೋ ತಮ್ಮಾ ಅಂತ ನಮ್ಮ ಕಾಕಾನೇ ಕೇಳಿದ್ದ. ಯಾಕಂದ್ರ ಕಾಕಾ, ಆ ಸ್ವಲ್ಪ ರಕ್ತನೂ ಮಾಂಸ ಜಲ್ದಿ ಕೆಡಸ್ತದ. ರಕ್ತದಾಗ ಕಬ್ಬಿಣದ ಅಂಶ ಇರ್ತದ, ಅದು ಮೀನಿನ ಕೊಬ್ಬಿಗೆ ತಾಗಿ ಗಾಳಿ ಜೋಡಿ ಸೇರಿ ಕೊಬ್ಬು ಕಮಟಾಗಂಗ ಮಾಡ್ತದ, ಹಳೇ ಎಣ್ಣಿ ಕಮಟು ಹೊಡೀತದಲ್ಲ ಹಂಗ. ಮೀನಿನ ಕೊಬ್ಬು ಭಾಳ ನಾಜೂಕು, ಕುರಿ ಕೊಬ್ಬಿನಂಗ ಗಟ್ಟಿ ಅಲ್ಲ, ಜಲ್ದಿ ಕೆಡ್ತದ. ಮ್ಯಾಲ ಹುಳಕ್ಕ, ಅಂದ್ರ ಕಣ್ಣಿಗೆ ಕಾಣಲಾರದ ಬ್ಯಾಕ್ಟೀರಿಯಾಕ್ಕ, ರಕ್ತದಂಥಾ ಊಟ ಇನ್ನೊಂದಿಲ್ಲ. ಬೆನ್ನೆಲುಬಿನ ಬಾಜೂಕ ಕಪ್ಪು ಕೆಂಪು ಪಟ್ಟಿ ಕಾಣ್ತದಲ್ಲ, ಸಾರು ಮಾಡಿದಾಗ ಅಲ್ಲೇ ಕಹಿ ಕಹಿ, ನೀಚು ವಾಸನಿ ಬರ್ತದಲ್ಲ, ಅದರಾಗ ಈ ಉಳಿದ ರಕ್ತದ ಪಾಲೂ ಅದ.

ಇನ್ನೊಂದು, ಒದ್ದಾಟ. ನಮ್ಮ ಮಂದಿಗೆ ತಗಡಿನ ಮ್ಯಾಲ ಒದ್ದಾಡೋ ಮೀನ ಅಂದ್ರ ಭಾಳ ಖುಷಿ, ಜೀವಂತ ಅದ ಅಂತ ಎರಡು ರೂಪಾಯಿ ಜಾಸ್ತಿನೇ ಕೊಡ್ತಾರ. ಆ ಮೀನ ಉಸಿರು ಸಿಗಲಾರದ ಅರ್ಧ ತಾಸು ಒದ್ದಾಡ್ತದ. ಒದ್ದಾಡಿದಷ್ಟೂ ಮಾಂಸದಾಗಿನ ಶಕ್ತಿ ಎಲ್ಲಾ ಖರ್ಚಾಗಿ ಹುಳಿ ತುಂಬ್ಕೋತದ, ಲ್ಯಾಕ್ಟಿಕ್ ಆಸಿಡ್ ಅಂತಾರ. ಅಂಥಾ ಮೀನ ಜಲ್ದಿ ಸೆಟೀತದ, ಜಲ್ದಿ ಸಡಿಲಾಗ್ತದ, ಕೊಯ್ದಾಗ ಮಾಂಸ ಎಸಳೆಸಳು ಬಿಡ್ತದ, ಸಾರಿನಾಗ ಹಾಕಿದ್ರ ಪುಡಿ ಪುಡಿ. ಒದ್ದಾಡಿದಾಗ ರಕ್ತನೂ ಮಾಂಸಕ್ಕ ನುಗ್ತದ, ತಗಡಿಗೆ ಬಡದಲ್ಲಿ ಹೆಪ್ಪುಗಟ್ಟಿ ಕೆಂಪು ಕಲಿ ಬೀಳ್ತಾವ. ಜಪಾನದಾಗ ಇದಕ್ಕಂತಲೇ ಇಕೆಜಿಮೆ ಅಂತ ಒಂದು ಪದ್ಧತಿ ಮಾಡ್ಯಾರ, ಮೀನಿನ ಮಿದುಳಿಗೆ ಮೊಳಿ ಚುಚ್ಚಿ, ಬೆನ್ನಿನ ನರದಾಗ ತಂತಿ ಹಾಕಿ, ಆಮ್ಯಾಲ ರಕ್ತ ಬಿಡಿಸ್ತಾರ. ನಮಗ ಅಷ್ಟು ನಾಜೂಕು ಕೆಲಸ ಸದ್ಯಕ್ಕ ಬ್ಯಾಡ, ಒಂದು ಕಟಗಿ ಸಾಕು. ಮತ್ತ ನನ್ನ ಮನಸ್ಸಿನ ಮಾತು ಹೇಳ್ತೀನಿ, ನಮ್ಮ ಹೊಟ್ಟಿ ತುಂಬಸೋ ಜೀವ ಅದು, ಅರ್ಧ ತಾಸು ಸಂಕಟ ಪಡೋ ಬದಲು ಒಂದೇ ಏಟಿಗೆ ಹೋದ್ರ ಅದಕ್ಕೂ ಪುಣ್ಯ ನಮಗೂ ಪುಣ್ಯ.

ನಾ ಹೆಂಗ ಮಾಡ್ತೀನಿ ಅಂದ್ರ, ಕಂತು ಬಲಿ ಇಡೀ ರಾತ್ರಿ ಬಿಡಂಗಿಲ್ಲ, ನಸುಕಿನ್ಯಾಗ ಮೂರು ಗಂಟೆಕ್ಕ ಹಾಕಿ ಬೆಳಕು ಹರಿಯೋದ್ರಾಗ ಎತ್ತತೀನಿ, ಯಾಕಂದ್ರ ಸಂಜಿಮುಂದ ಹಾಕಿ ಮುಂಜಾನೆ ಎತ್ತಿದ್ರ ಅರ್ಧ ಮೀನ ಬಲ್ಯಾಗೇ ಸತ್ತಿರ್ತಾವ, ಅವಕ್ಕ ರಕ್ತ ಸರಿಯಾಗಿ ಬಿಡಸೋದು ಆಗಂಗಿಲ್ಲ. ಸತ್ತದ್ದು ಬ್ಯಾರೆ, ಬದುಕಿದ್ದು ಬ್ಯಾರೆ ಮಾಡ್ತೀನಿ. ಬದುಕಿದ್ದ ಮೀನಿಗೆ ಕಣ್ಣಿನ ಮ್ಯಾಲ, ಸ್ವಲ್ಪ ಹಿಂದಕ, ನೆತ್ತಿಗೆ ಒಂದು ಗಟ್ಟಿ ಕಟಗಿಲೆ ಒಂದೇ ಏಟು. ಮೀನ ಒಮ್ಮಿ ನಡುಗಿ ಸುಮ್ಮನಾಗ್ತದ, ಆದ್ರ ಗುಂಡಗಿ ಇನ್ನೂ ಸ್ವಲ್ಪ ಹೊತ್ತು ಬಡೀತಿರ್ತದ. ಕೂಡ್ಲೆ ಕಿವಿರಿನ ಮುಚ್ಚಳ ಎತ್ತಿ, ಕಿವಿರಿನ ಬಿಲ್ಲು ಕೆಳಗ ಗಂಟಲಕ್ಕ ಕೂಡೋ ಜಾಗದಾಗ ಚೂಪು ಚಾಕುಲೆ ಕೊಯ್ಯಬೇಕು, ಎರಡೂ ಕಡೆ ಕೊಯ್ದ್ರ ಇನ್ನೂ ಚಲೋ. ಗುಂಡಗಿಗೇ ಚಾಕು ತಾಗಬಾರದು, ತಾಗಿದ್ರ ಪಂಪೇ ಬಂದ್ ಆಗ್ತದ. ಕೊಯ್ದ ಮ್ಯಾಲ ತಲಿ ಕೆಳಗ ಮಾಡಿ ನೀರು ಐಸ್ ಹಾಕಿದ ಬಕೆಟ್‌ನಾಗ ಹತ್ತು ಹದಿನೈದು ನಿಮಿಷ ಬಿಡಬೇಕು. ಗಾಳ್ಯಾಗ ಇಟ್ರ ಕೊಯ್ದ ಬಾಯಿಗೆ ರಕ್ತ ಹೆಪ್ಪುಗಟ್ಟಿ ಮುಚ್ಕೋತದ, ನೀರಿನಾಗ ಹಂಗ ಆಗಂಗಿಲ್ಲ. ನೀರು ಕೆಂಪಾದ್ರ ತೆಗೆದು ಬ್ಯಾರೆ ಹಾಕ್ತೀನಿ. ಹಿಡಿದು ಅರ್ಧ ತಾಸು ದಾಟಿದ ಮ್ಯಾಲ ಕೊಯ್ದ್ರ ರಕ್ತ ಪೂರಾ ಇಳಿಯಂಗಿಲ್ಲ, ಅದಕ್ಕ ದಂಡಿಗೆ ಬಂದು ಮಾಡ್ತೀನಿ ಅನ್ನಬ್ಯಾಡ್ರಿ, ಹರಗೋಲಿನಾಗೇ ಆಗಬೇಕು.

ಆ ರಕ್ತದ ನೀರು ಹೊಳ್ಯಾಗ ಚೆಲ್ಲಬ್ಯಾಡ್ರಿ ಅಂತ ಕೈಮುಗಿದು ಕೇಳ್ಕೋತೀನಿ. ನಮ್ಮ ಕೃಷ್ಣಾದಾಗ ಮೊಸಳಿ ಅದಾವ, ರಕ್ತದ ವಾಸನಿಗೆ ಹರಗೋಲಿನ ಕಡೆ ಬರ್ತಾವ, ಅದೇ ದಂಡಿಗೆ ನಮ್ಮ ಹೆಣ್ಮಕ್ಕಳು ಬಟ್ಟಿ ಒಗೀತಿರ್ತಾರ. ಇನ್ನೊಂದು ಕೊಡದಾಗ ತುಂಬ್ಕೊಂಡು ಬಂದು ಗಿಡದ ಬುಡಕ್ಕ ಹಾಕ್ರಿ, ರಕ್ತದಾಗ ಸಾರಜನಕ ಇರ್ತದ, ನಮ್ಮ ಹಿತ್ತಲದಾಗಿನ ನಿಂಬಿ ಗಿಡ ಅದರ ಮ್ಯಾಲೇ ಬೆಳೀಲಿಕತ್ತದ. ಸಣ್ಣ ಮೀನಿಗೆ, ಜಿಲೇಬಿ ಅಂಥಾವಕ್ಕ, ಒಂದೊಂದಕ್ಕ ಕೊಯ್ತ ಹಾಕೋದು ಯಾರಿಂದಲೂ ಆಗಂಗಿಲ್ಲ, ಅವು ಹಿಡಿದ ಕೂಡ್ಲೆ ಐಸ್ ನೀರಿಗೆ ಹೋದ್ರ ಸಾಕು. ಒಂದು ಕಿಲೋ ಮ್ಯಾಲಿನ ರೋಹು, ಕಟ್ಲಾ, ಮೃಗಾಲ, ಬಾಳಿ ಮೀನ, ಇವಕ್ಕಷ್ಟೇ ನಾ ಹೇಳೋದು.

ಖರೇನೋ ಸುಳ್ಳೋ ನಾನೂ ಪರೀಕ್ಷೆ ಮಾಡೀನಿ. ಒಂದೇ ಬಲ್ಯಾಗಿನ ಎರಡು ರೋಹು, ತೂಕ ಹೆಚ್ಚುಕಮ್ಮಿ ಒಂದೇ. ಒಂದಕ್ಕ ರಕ್ತ ಬಿಡಿಸಿದೆ, ಇನ್ನೊಂದು ನಮ್ಮ ಪದ್ಧತಿಯಂಗ ಹರಗೋಲಿನ ತಳದಾಗ ಒದ್ದಾಡಿ ಸಾಯಲಿಕ್ಕೆ ಬಿಟ್ಟೆ. ಎರಡೂ ಬ್ಯಾರೆ ಬ್ಯಾರೆ ಚೀಲದಾಗ ಕಟ್ಟಿ ಒಂದೇ ಥರ್ಮಾಕೋಲ್ ಡಬ್ಬಿಯೊಳಗ ಎರಡು ದಿನ ಐಸ್‌ನಾಗ ಇಟ್ಟೆ. ಮೂರನೇ ದಿನ ಅವ್ವ ಈಳಿಗಿ ಮ್ಯಾಲ ಎರಡೂ ಕೊಯ್ದ್ಲು. ರಕ್ತ ಬಿಡಿಸಿದ್ದರ ಮಾಂಸ ಜ್ವಾಳದ ಹಿಟ್ಟಿನಂಗ ಬೆಳ್ಳಗ, ಗಟ್ಟಿ, ಬೆರಳಿಲೆ ಒತ್ತಿದ್ರ ಮತ್ತ ಮ್ಯಾಲಕ್ಕ ಬರ್ತಿತ್ತು. ಇನ್ನೊಂದರದ್ದು ಎಲುಬಿನ ಬಾಜೂಕ ಕಂದು ಬಣ್ಣ, ಹೊಟ್ಟಿ ಭಾಗದಾಗ ಕೆಂಪು ಕೆಂಪು ಕಲಿ, ಕೈಗೆ ಜಿಬುರು ಜಿಬುರು. ಅವ್ವ ಎರಡು ಗಡಿಗ್ಯಾಗ ಅದೇ ಖಾರ, ಅದೇ ಹುಣಸಿ ಹುಳಿ, ಅದೇ ಕುಸುಬಿ ಎಣ್ಣಿ ಹಾಕಿ ಸಾರು ಮಾಡಿದ್ಲು. ಅಪ್ಪಗ ಯಾವ ಗಡಿಗಿ ಯಾವುದು ಅಂತ ನಾವು ಹೇಳಲಿಲ್ಲ. ಎರಡೂ ಒಂದೊಂದು ತುಣುಕು ರೊಟ್ಟಿಗೆ ಹಚ್ಚಿ ತಿಂದು, ಎಡಗಡಿ ಗಡಿಗಿ ತನ್ನ ಕಡೆ ಎಳಕೊಂಡು ಕುಂತ. ಅದು ರಕ್ತ ಬಿಡಿಸಿದ್ದು.

ಒಂದು ಮಾತು ಮಾತ್ರ ಖಡಕ್ಕಾಗಿ ಹೇಳಬೇಕು, ಇದಕ್ಕಿಂತ ಜಾಸ್ತಿ ಹೇಳಿ ನಿಮಗ ಆಸೆ ಹಚ್ಚಬಾರದು. ಕೆರಿ ಮೀನಿಗೆ, ನಿಂತ ನೀರಿನ ಮೀನಿಗೆ ಮಣ್ಣಿನ ವಾಸನಿ ಬರ್ತದಲ್ಲ, ಅದು ರಕ್ತ ಬಿಡಿಸಿದ್ರ ಹೋಗಂಗಿಲ್ಲ. ಅದು ಜಿಯೋಸ್ಮಿನ್ ಅನ್ನೋ ಒಂದು ವಸ್ತು, ನೀರಿನಾಗಿನ ಪಾಚಿಯಂಥ ಸಣ್ಣ ಜೀವಿಗಳು ಮಾಡೋದು, ಅದು ಮೀನಿನ ಕೊಬ್ಬಿನಾಗೇ ಇಳಿದಿರ್ತದ. ಮೊದಲ ಮಳಿಗೆ ನೆಲದಿಂದ ಘಮ ಬರ್ತದಲ್ಲ, ಅದರಾಗಿರೋದೂ ಇದೇ ವಸ್ತು. ಮೀನ ಕೆಲವು ದಿನ ಸ್ವಚ್ಛ ಹರಿಯೋ ನೀರಿನಾಗ ಊಟ ಇಲ್ಲದಂಗ ಇಟ್ರ ಕಮ್ಮಿ ಆಗ್ತದ, ಮತ್ತ ಹುಳಿಗೆ ಅದು ಮುರೀತದ. ನಮ್ಮ ಅವ್ವಂದಿರು ಮೀನಿಗೆ ಹುಣಸಿ ಹುಳಿ ಬಿಡಲಾರದ ಹಾಕ್ತಾರಲ್ಲ, ಅವರು ಯಾವ ಪುಸ್ತಕ ಓದಿ ಕಲತಿಲ್ಲ, ಆದ್ರ ಸರಿಯಾಗೇ ಕಲತಾರ.

ಈಗ ಮೀನ ಹಿಡಿಯೋ ನಮ್ಮವರಿಗೆ. ತೂಕ ಹೋಗ್ತದ ಅಂತ ನೀವು ಅನ್ನೋದು ನನಗ ಗೊತ್ತದ. ಲೆಕ್ಕ ಮಾಡ್ರಿ, ಕಿಲೋಕ್ಕ ಇರೋ ರಕ್ತನೇ ಜಾಸ್ತಿ ಅಂದ್ರ 30 ಗ್ರಾಂ, ಅದರಾಗ ಎಲ್ಲಾ ಹೊರಗ ಬರಂಗಿಲ್ಲ, ಅರ್ಧ ಬಂತು ಅನ್ರಿ, 15 ಗ್ರಾಂ. ಕಿಲೋ ಇನ್ನೂರಕ್ಕ ಮಾರಿದ್ರ ಮೂರು ರೂಪಾಯಿ ಹೋಯ್ತು. ಐಸ್ ಇಲ್ಲದ ಮೀನ ಬಿಸಲಿಗೆ ಒಣಗಿ ಕಳ್ಕೊಳ್ಳೋ ತೂಕ, ಸಂಜಿಗೆ ಅರ್ಧ ರೇಟಿಗೆ ಕೊಟ್ಟು ಬರೋ ನಷ್ಟ, ಇವೆರಡರ ಮುಂದ ಮೂರು ರೂಪಾಯಿ ಏನೂ ಅಲ್ಲ.

ಐಸ್ ಮಾತು ಬಂತು, ಇದು ರಕ್ತಕ್ಕಿಂತ ದೊಡ್ಡ ಮಾತು. ರಕ್ತ ಬಿಡಿಸಿ ಐಸ್ ಹಾಕಲಿಲ್ಲ ಅಂದ್ರ ಆ ಕೆಲಸ ಮಾಡಿಯೂ ಮಾಡಲಾರದಂಗ. ಐಸ್‌ನಾಗ, ಸೊನ್ನಿ ಡಿಗ್ರಿಗೆ ಇಟ್ಟ ಮೀನ ಕೆಡೋದಕ್ಕಿಂತ ಹತ್ತು ಡಿಗ್ರಿಗೆ ಇಟ್ಟ ಮೀನ ಸುಮಾರು ನಾಕು ಪಟ್ಟು ಜಲ್ದಿ ಕೆಡ್ತದ. ನಮ್ಮಲ್ಲಿ ಬ್ಯಾಸಗಿಗೆ 40 ಡಿಗ್ರಿ ದಾಟ್ತದ, ನೀವೇ ವಿಚಾರ ಮಾಡ್ರಿ. 30 ಡಿಗ್ರಿ ಇರೋ ಹತ್ತು ಕಿಲೋ ಮೀನ ತಣ್ಣಗ ಮಾಡಾಕೇ ಮೂರು ಕಿಲೋ ಮ್ಯಾಲ ಐಸ್ ಕರಗ್ತದ, ಆಮ್ಯಾಲ ಅದನ್ನ ತಣ್ಣಗ ಇಡಾಕ ಮತ್ತ ಬೇಕು, ಅದಕ್ಕೇ ಕಿಲೋ ಮೀನಿಗೆ ಕಿಲೋ ಐಸ್ ಅನ್ನೋದು. ಮ್ಯಾಲ ನಾಕು ತುಣುಕು ಇಡೋದು ಗಿರಾಕಿ ಕಣ್ಣಿಗೆ ಅಷ್ಟೇ. ತಳಕ್ಕ ಒಂದು ಪದರ, ನಡುವ ಒಂದು ಪದರ, ಮ್ಯಾಲ ಒಂದು ಪದರ, ಐಸ್ ಸಣ್ಣಗ ಒಡದಿರಬೇಕು, ದೊಡ್ಡ ಗಡ್ಡಿ ಇಟ್ರ ಮೂಲಿ ಚುಚ್ಚಿ ಮೈ ಜಜ್ಜಿ ಹೋಗ್ತದ. ಡಬ್ಬಿ ತಳಕ್ಕ ತೂತಿರಲಿ, ಕರಗಿದ ನೀರು ಲೋಳಿ ತೊಳಕೊಂಡು ಹೊರಗ ಹೋಗಲಿ, ಆ ಕೊಳಕು ನೀರಿನಾಗ ಮೀನ ತೇಲಬಾರದು. ಐಸ್ ಕುಡಿಯೋ ನೀರಿಂದು ಇರಲಿ. ಆಂಧ್ರದ ಕಟ್ಲಾ ರೋಹು ಅಷ್ಟು ದೂರದಿಂದ ಲಾರ್‍ಯಾಗ ಬಂದು ನಮ್ಮ ಸಂತ್ಯಾಗ ನಿಂದ್ರತದ ಅಂದ್ರ ಅವರು ಕೆರಿ ದಂಡಿಗೇ ಕ್ರೇಟಿನಾಗ ಐಸ್ ತುಂಬಿ ಕಳಸ್ತಾರ, ಬ್ಯಾರೆ ಗುಟ್ಟಿಲ್ಲ. ನಮ್ಮ ಹೊಳಿ ಇಲ್ಲೇ ಅದ, ಮೀನ ಇಲ್ಲಿಂದೇ, ಆದ್ರೂ ನಮ್ಮ ಮೀನ ಮಧ್ಯಾಹ್ನಕ್ಕೇ ಸೋಲ್ತದ.

ಹಿಡಿಯೋದೂ ನೋಡ್ಕೊಂಡು ಹಿಡೀರಿ. ದೊಡ್ಡ ಮೀನ ಬಾಲ ಹಿಡಿದು ನೇತು ಹಾಕಿದ್ರ ತನ್ನ ಭಾರಕ್ಕೇ ಎಲುಬು ಸಡಿಲಾಗಿ ಒಳಗ ರಕ್ತ ಒಡೀತದ. ಎಸಿಬ್ಯಾಡ್ರಿ, ಮ್ಯಾಲ ಕುಂದ್ರಬ್ಯಾಡ್ರಿ, ಗೋಣಿಚೀಲದಾಗ ತುರುಕಿ ಬೈಕಿಗೆ ಕಟ್ಟಬ್ಯಾಡ್ರಿ. ಸೆಟೆದ ಮೀನ ಡಬ್ಬ್ಯಾಗ ಹಿಡಿಯವಲ್ದು ಅಂತ ಮಣಿಸಿ ಮುರಿಬ್ಯಾಡ್ರಿ, ಮಾಂಸ ಹರೀತದ. ಹೊಟ್ಟಿ ತೆಗಿಯೋದಿದ್ರ ಪಿತ್ತದ ಚೀಲ ಒಡಿಲಾರದಂಗ ತೆಗೀರಿ, ಒಡದ್ರ ಹಸರು ಹತ್ತಿ ಮಾಂಸ ಎಲ್ಲಾ ಕಹಿ. ಹಂಗೇ ಇಲ್ಲಿ ಒಂದು ಹೇಳಲೇಬೇಕು, ಕೆಲವರು ಶಕ್ತಿ ಬರ್ತದ, ಸಕ್ಕರಿ ರೋಗಕ್ಕ ಚಲೋ ಅಂತ ರೋಹು ಕಟ್ಲಾದ ಪಿತ್ತ ಹಸೀದೇ ನುಂಗ್ತಾರ, ದಯವಿಟ್ಟು ನುಂಗಬ್ಯಾಡ್ರಿ, ಅದು ವಿಷ, ಕಿಡ್ನಿ ಫೇಲ್ ಆಗ್ತದ, ಡಯಾಲಿಸಿಸ್ ತನಕ ಹೋದವರು ಅದಾರ, ಜೀವ ಹೋದವರೂ ಅದಾರ. ಹೊಟ್ಟಿ ತೆಗೆದ ಮ್ಯಾಲ ಬೆನ್ನೆಲುಬಿಗೆ ಹತ್ತಿದ ಕಪ್ಪು ರಕ್ತದಂಥದ್ದು ಇರ್ತದಲ್ಲ, ಅದು ಮೀನಿನ ಕಿಡ್ನಿ, ಅದನ್ನ ಚಮಚದಿಂದ ಕೆರೆದು ತೊಳೀರಿ, ವಾಸನಿ ಭಾಳಷ್ಟು ಅಲ್ಲೇ ಹೋಗ್ತದ. ಇದು ಮನ್ಯಾಗ ಮಾಡೋ ಅಕ್ಕಂದಿರಿಗೂ ಹೇಳೋದು.

ಮೀನ ಕೊಳ್ಳೋ ಅಕ್ಕ ಅಣ್ಣಂದಿರೇ, ಈಗ ನಿಮಗ. ಕಿವಿರು ಕೆಂಪು ಅನ್ನೋದು ಸುಳ್ಳಲ್ಲ, ರಕ್ತ ಬಿಡಿಸಲಾರದ ಮೀನಿಗೆ ಅದು ಸರಿಯಾದ ಗುರುತು, ತಾಜಾ ಇದ್ದಾಗ ಕೆಂಪು, ಹಳೇದಾದಂಗ ಕಂದು, ಆಮ್ಯಾಲ ಬೂದಿ ಬಣ್ಣ. ಆದ್ರ ರಕ್ತ ಬಿಡಿಸಿದ ಮೀನಿನ ಕಿವಿರಿನಾಗ ರಕ್ತನೇ ಇರಂಗಿಲ್ಲ, ಕೆಂಪು ಎಲ್ಲಿಂದ ಬರಬೇಕು? ಅದು ತಿಳಿ ಗುಲಾಬಿ, ಇಲ್ಲಂದ್ರ ಬೆಳ್ಳಗ ಇರ್ತದ. ಹಳೇ ಮೀನಿನ ಬೂದಿ ಬಣ್ಣಕ್ಕೂ ಇದಕ್ಕೂ ಭಾಳ ಫರಕ್ ಅದ. ಹಳೇದರ ಕಿವಿರಿಗೆ ಅಂಟು ಅಂಟು ಲೋಳಿ ಇರ್ತದ, ಮೂಗು ಮುಚ್ಕೋಬೇಕು ಹಂಗ ನಾರ್ತದ. ರಕ್ತ ಬಿಡಿಸಿದ್ದು ಸ್ವಚ್ಛ ಇರ್ತದ, ಎಸಳು ಎಸಳು ಬಿಡಿ ಬಿಡಿ ಇರ್ತಾವ, ವಾಸನಿ ಅಂದ್ರ ಹೊಳಿ ನೀರಿನ ವಾಸನಿ ಅಷ್ಟೇ. ಗಂಟಲದ ಹತ್ರ ಚಾಕುವಿನ ಕೊಯ್ತ ಕಾಣ್ತದ, ಅದನ್ನೂ ಹುಡುಕ್ರಿ. ಕಣ್ಣು ನೋಡ್ರಿ, ಉಬ್ಬಿ ಹೊಳೀತಿರಬೇಕು, ಒಳಗ ಕುಸಿದು ಮಬ್ಬಾಗಿದ್ರ ಬಿಡ್ರಿ. ಬೆನ್ನಿಗೆ ಬೆರಳು ಒತ್ರಿ, ತಗ್ಗು ಮತ್ತ ತುಂಬಬೇಕು. ಹೊಟ್ಟಿ ಮೆತ್ತಗ ಒಡದಿರಬಾರದು, ಹುರುಪಿ ಕೈಗೆ ಕಿತ್ತು ಬರಬಾರದು. ಇನ್ನ ಕಿವಿರಿಗೆ ಬ್ಯಾರೆ ರಕ್ತ ಹಚ್ಚಿ ಕೆಂಪು ಮಾಡೋದು ಕಷ್ಟದ ಕೆಲಸ ಏನಲ್ಲ, ಕುಸಿದ ಕಣ್ಣು ಉಬ್ಬಿಸೋದು ಮಾತ್ರ ಯಾರಿಂದಲೂ ಆಗಂಗಿಲ್ಲ. ಅದಕ್ಕ ಒಂದೇ ಗುರುತಿನ ಮ್ಯಾಲ ನಂಬಿಕಿ ಇಡಬ್ಯಾಡ್ರಿ.

ನಿಮ್ಮ ಕೈಯಾಗೇ ಅದ ಇದು. ಗಿರಾಕಿ ಕೆಂಪು ಕಿವಿರು ಕೇಳೋತನ ಯಾವ ಮೀನುಗಾರ ರಕ್ತ ಬಿಡಸ್ತಾನ ಹೇಳ್ರಿ? ನಾನೇ ಹೋದ ಐತವಾರ ಮನಿಗೆ ಹೋಗ್ತಾ ಇನ್ನ ಸಾಕು ಈ ಉಸಾಬರಿ ಅಂದ್ಕೊಂಡಿದ್ದೆ. ಮರುದಿನ ಆ ಮೂರು ಮೀನ ತಗೊಂಡವರಾಗ ಒಬ್ಬರು ಮಾಸ್ತರು ಫೋನ್ ಹಚ್ಚಿ, ಹಿಂತಾ ಮೀನ ಮತ್ತ ಯಾವಾಗ ತರ್ತಿ ಅಂತ ಕೇಳಿದ್ರು, ಅದಕ್ಕೇ ಬಿಟ್ಟಿಲ್ಲ.

ಇಲಾಖೆ ಸಾಹೇಬರಲ್ಲಿ ನಂದು ದೂರು ಇಲ್ರಿ, ಬೇಡಿಕಿ ಅದ. ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆ 2020ರಾಗ ಬಂದದ, ಅದರಾಗ ಐಸ್ ಡಬ್ಬಿ ಜೋಡಿ ಬೈಕು, ಐಸ್ ಪ್ಲಾಂಟು, ಮೀನಿನ ಅಂಗಡಿ ಇವಕ್ಕೆಲ್ಲಾ ಸಬ್ಸಿಡಿ ಇಟ್ಟಾರ, ಸಾಮಾನ್ಯದವರಿಗೆ ನೂರಕ್ಕ 40, ಎಸ್‌ಸಿ ಎಸ್‌ಟಿ ಮತ್ತ ಹೆಣ್ಮಕ್ಕಳಿಗೆ 60. ಇದು ಹೊಳಿ ದಂಡಿ ಊರಿನ ಎಷ್ಟೋ ಮಂದಿಗೆ ಗೊತ್ತೇ ಇಲ್ಲ, ಗೊತ್ತಿದ್ದವರಿಗೆ ಅರ್ಜಿ ಹೆಂಗ ಹಾಕಬೇಕು ತಿಳಿಯಂಗಿಲ್ಲ. ಊರೂರಿಗೆ ಬಂದು ನಮ್ಮ ಭಾಷಾದಾಗ ಒಂದ್ಸಲ ಹೇಳಿದ್ರ ಭಾಳ ಉಪಕಾರ. ಬೈಕಿಗೆ ಡಬ್ಬಿ ಬೇಕೇಬೇಕು, ಆದ್ರ ಅದಕ್ಕಿಂತ ಮೊದಲು ಹರಗೋಲಿಗೆ ಡಬ್ಬಿ ಬೇಕು ಸಾಹೇಬ್ರ. ಹರಗೋಲು ದುಂಡಗ ಇರ್ತದ, ಸಣ್ಣದು, ದೊಡ್ಡ ಡಬ್ಬಿ ಇಟ್ರ ತೂಕ ತಪ್ತದ, 20-25 ಲೀಟರಿಂದು ಗಟ್ಟಿ ಮುಚ್ಚಳದ್ದು ಆದ್ರ ಸಾಕು. ಐಸ್ ತರಾಕ ನಾ ಬೈಕಿನ ಮ್ಯಾಲ ಹೋಗಿ ಬರೋದ್ರಾಗ ಕಾಲು ಭಾಗ ಕರಗಿ ರಸ್ತಾಕ್ಕ ಹೋಗಿರ್ತದ. ಹಿನ್ನೀರಿನ ಹತ್ರ ಒಂದು ಸಣ್ಣ ಐಸ್ ಪ್ಲಾಂಟ್ ಆದ್ರ ಎಷ್ಟು ಊರಿಗೆ ಅನುಕೂಲ ಆಗ್ತದ. ಬೀದರ ಕಡೆ ಕಾರಂಜಾದಾಗ ಬಲಿ ಹಾಕೋರು, ಕಲಬುರಗಿ ಕಡೆ ಬೆಣ್ಣೆತೊರಾದಾಗ ಹಾಕೋರು, ಅವರ ಪಾಡೂ ಬ್ಯಾರೆ ಇರಲಿಕ್ಕಿಲ್ಲ ಅಂತ ನನ್ನ ಅಂದಾಜು, ಬಿಸಲು ಎಲ್ಲಾರಿಗೂ ಒಂದೇ ಅಲ್ಲೇನು.

ಇನ್ನೊಂದು ಬೇಡಿಕಿ, ರೊಕ್ಕ ಹತ್ತಲಾರದ್ದು. ಸಂತ್ಯಾಗ ಮೀನಿನ ಕಟ್ಟಿ ಹತ್ರ ಒಂದು ಬೋರ್ಡ್ ಹಾಕಸ್ರಿ. ಎರಡು ಕಿವಿರಿನ ಫೋಟೋ, ಒಂದು ಹಳೇ ಮೀನಿಂದು, ಒಂದು ರಕ್ತ ಬಿಡಿಸಿದ ತಾಜಾ ಮೀನಿಂದು, ಕೆಳಗ ದೊಡ್ಡ ಅಕ್ಷರದಾಗ ಫರಕ್ ಏನು ಅಂತ ಕನ್ನಡದಾಗ, ಬಾಜೂಕ ಉರ್ದುದಾಗೂ ಬರೆಸ್ರಿ, ನಮ್ಮಲ್ಲಿ ಮೀನ ತಗೊಳ್ಳೋರು ಎಲ್ಲಾ ಮಂದಿ ಅದಾರ. ನಾ ಹತ್ತು ಸಲ ಒದರಿದ್ರ ನಂಬಲಾರದವರು ಸರ್ಕಾರದ ಬೋರ್ಡ್ ನೋಡಿದ್ರ ಒಮ್ಮಿಯಾದ್ರೂ ನಿಂತು ಓದ್ತಾರ.

ಮೃಗಶಿರ ಮಳಿ ಬರಾಕತ್ತದ, ಜೂನ್ 7-8ರ ಸುಮಾರಿಗೆ. ಅವತ್ತು ನಮ್ಮ ಕಡೆ ವರ್ಷಕ್ಕೊಮ್ಮಿ ತಿನ್ನೋರೂ ಮೀನ ತಗೋತಾರ, ಸಂತ್ಯಾಗ ಕಾಲಿಡಾಕ ಜಾಗ ಇರಂಗಿಲ್ಲ, ರೇಟು ಕೇಳೋರಿಲ್ಲ, ಮೀನ ಕುಪ್ಪಿ ಹಾಕಿ ಮಾರ್ತಾರ, ಕೆಳಗಿನ ಮೀನ ಮ್ಯಾಲಿನ ಭಾರಕ್ಕೇ ಜಜ್ಜಿ ಹೋಗಿರ್ತದ. ಆಸ್ತಮಾಕ್ಕ, ನೆಗಡಿಗೆ, ಮಳಿಗಾಲದ ರೋಗಕ್ಕ ಚಲೋ ಅಂತ ಸಣ್ಣ ಹುಡುಗರಿಗೂ ಮುದುಕರಿಗೂ ತಿನಿಸ್ತಾರ. ಅಂಥಾ ದಿನ ಕೆಟ್ಟ ಮೀನ ಯಾರ ಮನಿಗೂ ಹೋಗಬಾರದು.

ಅದಕ್ಕ ಅದರ ಮುಂಚಿನ ಐತವಾರ ಮುಂಜಾನೆ ಎಂಟಕ್ಕ ನಾ ಸಂತ್ಯಾಗ ಎರಡು ಕಟ್ಲಾ ತಗೊಂಡು ಕುಂದ್ರತೀನಿ, ಒಂದು ರಕ್ತ ಬಿಡಿಸಿದ್ದು, ಒಂದು ಬಿಡಿಸಲಾರದ್ದು, ಎರಡೂ ಒಂದಿನ ಐಸ್‌ನಾಗ ಇಟ್ಟಿದ್ದು. ನಿಮ್ಮ ಕಣ್ಣೆದುರಿಗೆ ಕೊಯ್ತೀನಿ, ಮುಟ್ಟಿ ನೋಡ್ರಿ, ಮೂಸಿ ನೋಡ್ರಿ, ಒಂದೊಂದು ತುಣುಕು ಮನಿಗೆ ಒಯ್ದು ಹುರಿದು ನೋಡ್ರಿ, ರೊಕ್ಕ ಬ್ಯಾಡ. ಹೊಳಿ ದಂಡಿ ತಮ್ಮಂದಿರು ಯಾರಾದ್ರೂ ಕೊಯ್ಯೋದು ಕಲೀಬೇಕಂದ್ರ ಅವತ್ತೇ ಹೇಳ್ರಿ, ಮರುದಿನ ನಸುಕಿನ್ಯಾಗ ನಮ್ಮ ಹರಗೋಲಿನಾಗ ಇಬ್ಬರಿಗೆ ಜಾಗ ಅದ, ಕಟಗಿ ನಾ ತರ್ತೀನಿ, ಚಾಕು ನಿಮ್ಮದು ಚೂಪಾಗಿರಲಿ.

ನಿಮ್ಮವ,
ಕೃಷ್ಣಾ ದಂಡಿಯ ಒಬ್ಬ ಅಂಬಿಗರ ಹುಡುಗ